ಕೊಡೆ ಬೇಕಾ, ಬೇಡ್ವಾ? ಮೋಡ ನೋಡಿ ನೀವೇ ಹೇಳಬಹುದು

ಮೊನ್ನೆ ತಾರಸಿ ಮೇಲೆ ಬಟ್ಟೆ ಒಣಹಾಕುವ ಮುಂಚೆ ಫೋನ್ ತೆಗೆದು ನೋಡಿದೆ. ಮಳೆ ಸಾಧ್ಯತೆ ಶೇ 20 ಅಂತಿತ್ತು. ಸರಿ, ಬರಲ್ಲ ಬಿಡು ಅಂದುಕೊಂಡು ಎರಡು ಬಕೆಟ್ ಬಟ್ಟೆ ಹರವಿ ಕೆಳಗೆ ಬಂದೆ. ಮೂರೂವರೆಗೆ ಟಪಟಪ ಅಂತ ದಪ್ಪ ಹನಿ ಶುರುವಾಯಿತು, ನಾನು ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ಎಲ್ಲ ತೊಪ್ಪೆ. ಬೈದುಕೊಂಡಿದ್ದು ನನ್ನನ್ನೇ. ಯಾಕೆಂದರೆ ಹನ್ನೊಂದೂವರೆಗೆ ಬಟ್ಟೆ ಹರವುವಾಗಲೇ ತಲೆ ಮೇಲೆ ಹೂಕೋಸಿನ ಹಾಗೆ ಒಂದು ಮೋಡ ಎದ್ದು ನಿಂತಿತ್ತು. ಚೆನ್ನಾಗಿದೆ ಅಂತ ಅದರ ಫೋಟೊ ಕೂಡ ತೆಗೆದಿದ್ದೆ! ನೋಡಿದ್ದೆ, ಓದಿರಲಿಲ್ಲ.

ನಾಳೆ, ನಾಡಿದ್ದಿನ ಹವಾಮಾನಕ್ಕೆ ಆ್ಯಪ್ ಬೇಕೇ ಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆದರೆ ಮುಂದಿನ ಎರಡು ಮೂರು ಗಂಟೆಯಲ್ಲಿ ನಿಮ್ಮ ತಲೆ ಮೇಲೆ ಏನಾಗುತ್ತದೆ ಅನ್ನೋದನ್ನು ಆಕಾಶವೇ ಹೇಳುತ್ತದೆ, ಅದೂ ಸಾಕಷ್ಟು ಮುಂಚೆಯೇ. ಮೋಡದ ಹೆಸರು ಬಾಯಿಪಾಠ ಮಾಡಿದರೆ ಇದು ಬರುವುದಿಲ್ಲ. ಮೋಡ ಯಾವ ಕಡೆಗೆ ಬದಲಾಗುತ್ತಿದೆ, ಎಷ್ಟು ಬೇಗ ಬದಲಾಗುತ್ತಿದೆ ಅನ್ನೋದನ್ನು ನೋಡಬೇಕು.

ಹೆಜ್ಜೆ 1: ಆ್ಯಪ್ ಏನು ಹೇಳುತ್ತಿದೆ ಅಂತ ಮೊದಲು ಅರ್ಥ ಮಾಡಿಕೊಳ್ಳಿ

ಶೇ 20 ಅಂದರೆ ಮಳೆ ಬರಲ್ಲ ಅಂತ ಅರ್ಥವಲ್ಲ. ಇವತ್ತಿನಂಥದೇ ಹತ್ತು ದಿನ ಇದ್ದರೆ ಅದರಲ್ಲಿ ಎರಡು ದಿನ ನೀವಿರುವ ಜಾಗದಲ್ಲಿ ಅಳೆಯುವಷ್ಟು ಮಳೆ ಬೀಳುತ್ತದೆ ಅಂತ. ದಿನದ ಐದನೇ ಒಂದು ಭಾಗದಷ್ಟು ಹೊತ್ತು ಮಳೆ ಅಂತಲೂ ಅಲ್ಲ. ಇನ್ನು ಜೋರು ಮಳೆಯೋ, ಬರೀ ತುಂತುರೋ ಅನ್ನೋದು ಆ ಸಂಖ್ಯೆಯಲ್ಲಿ ಇಲ್ಲವೇ ಇಲ್ಲ.

ಅದಕ್ಕೆ ಪಕ್ಕದಲ್ಲಿರುವ ಮಿ.ಮೀ. ನೋಡಬೇಕು. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಶೇ 80, 0.5 ಮಿ.ಮೀ. ಅಂತಿದ್ದರೆ ಹೆಚ್ಚುಕಡಿಮೆ ಬಂದೇ ಬರುತ್ತದೆ, ಆದರೆ ನೆಲ ಒದ್ದೆಯಾಗುವಷ್ಟು ಮಾತ್ರ. ಶೇ 30, 25 ಮಿ.ಮೀ. ಅಂತಿದ್ದರೆ ಬರದೇ ಇರಬಹುದು, ಬಂದರೆ ಮಾತ್ರ ಚಚ್ಚಿ ಹಾಕುತ್ತದೆ. ನನಗಂತೂ ಈ ಎರಡನೇ ತರಹದ ದಿನವೇ ಜಾಸ್ತಿ ಭಯ.

ಆ್ಯಪ್ ನಿಮ್ಮ ಓಣಿಯ ಮಳೆ ತಪ್ಪಿಸಿಕೊಳ್ಳುವುದಕ್ಕೆ ಒಂದು ಸರಳ ಕಾರಣವಿದೆ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತವೆ. ಅಮೆರಿಕದ ಜಿಎಫ್‌ಎಸ್ ಮಾದರಿಯ ಚೌಕ ಸುಮಾರು 13 ಕಿ.ಮೀ., ಯುರೋಪಿನ ಹವಾಮಾನ ಕೇಂದ್ರದ ಮುಖ್ಯ ಮಾದರಿಯದು ಸುಮಾರು 9 ಕಿ.ಮೀ. ಮಧ್ಯಾಹ್ನದ ಗುಡುಗು ಮಳೆಯ ಒಂದು ಮೋಡ ನಾಲ್ಕೈದು ಕಿ.ಮೀ. ಅಗಲ ಇರಬಹುದು. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ನುಸುಳಿದ ಹಾಗೆ ಅದು ನುಸುಳಿ ಹೋಗುತ್ತದೆ. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲೋ ಒಂದು ಕಡೆ ಮಳೆ ಆಗಬಹುದು ಅಂತ ಮಾದರಿಗೆ ಗೊತ್ತಿರುತ್ತದೆ, ನಿಮ್ಮ ಮನೆ ಮೇಲೋ ಪಕ್ಕದ ಊರಿನ ಮೇಲೋ ಅನ್ನೋದು ಗೊತ್ತಿರುವುದಿಲ್ಲ.

ಹದಿನೈದನೇ ದಿನದ ಚಿಹ್ನೆ ನೋಡಿ ಯಾವ ಕಾರ್ಯಕ್ರಮವನ್ನೂ ಗೊತ್ತು ಮಾಡಬೇಡಿ. 1961ರಲ್ಲಿ ಎಡ್ವರ್ಡ್ ಲೊರೆಂಝ್ ಅನ್ನೋ ವಿಜ್ಞಾನಿ ಹವಾಮಾನದ ಒಂದು ಲೆಕ್ಕವನ್ನು ಕಂಪ್ಯೂಟರಿನಲ್ಲಿ ಎರಡನೇ ಸಲ ಓಡಿಸುವಾಗ 0.506127 ಅನ್ನೋ ಸಂಖ್ಯೆಯನ್ನು ಸುಮ್ನೆ 0.506 ಅಂತ ಹಾಕಿದ. ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಜೊತೆಗೇ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬೇರೆಯಾದವು. ನಿಜವಾದ ಗಾಳಿಯಲ್ಲೂ ಇದೇ ಕತೆ. ಇವತ್ತಿನ ಅಳತೆಯ ಸಣ್ಣ ತಪ್ಪು ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಗುತ್ತದೆ. ಮೂರು ದಿನದವರೆಗೆ ನಂಬಿ, ಐದು ದಿನಕ್ಕೆ ಅಂದಾಜು ಅಂತಿಟ್ಟುಕೊಳ್ಳಿ, ವಾರ ದಾಟಿದ್ದನ್ನು ನಾನು ನೋಡುವುದೇ ಇಲ್ಲ.

ಹೆಜ್ಜೆ 2: ನಿಲ್ಲುವ ಜಾಗ, ನೋಡುವ ಹೊತ್ತು

ಕಿಟಕಿಯಿಂದ ಕಾಣುವ ಒಂದು ತುಂಡು ಆಕಾಶ ಸಾಲದು. ತಾರಸಿಯೋ, ಮೈದಾನವೋ, ಒಟ್ಟಿನಲ್ಲಿ ನಾಲ್ಕೂ ದಿಕ್ಕು ಕಾಣಬೇಕು. ಬೆಳಿಗ್ಗೆ ಎದ್ದಾಗ ಒಂದು ಸಲ, ಹನ್ನೊಂದರ ಸುಮಾರಿಗೆ ಒಂದು ಸಲ, ಎರಡು ಗಂಟೆಗೆ ಇನ್ನೊಂದು ಸಲ. ಒಂದೊಂದಕ್ಕೆ ಎರಡು ನಿಮಿಷ ಸಾಕು.

ಮೋಡ ಯಾವ ಕಡೆ ಹೋಗುತ್ತಿದೆ ಅಂತ ಹೇಳುವುದು ಅಂದುಕೊಂಡಷ್ಟು ಸುಲಭ ಅಲ್ಲ, ಕಣ್ಣು ಮೋಸ ಮಾಡುತ್ತದೆ. ಒಂದು ಕಂಬದ ತುದಿ ಅಥವಾ ಗೋಡೆಯ ಅಂಚನ್ನು ಮೋಡದ ಅಂಚಿಗೆ ಹೊಂದಿಸಿ, ತಲೆ ಅಲ್ಲಾಡಿಸದೆ ಅರ್ಧ ನಿಮಿಷ ನಿಂತರೆ ಗೊತ್ತಾಗುತ್ತದೆ. ಎತ್ತರದ ಮೋಡಕ್ಕೂ ಕೆಳಗಿನ ಮೋಡಕ್ಕೂ ಬೇರೆ ಬೇರೆ ನೋಡಿ. ಎರಡೂ ಬೇರೆ ದಿಕ್ಕಿಗೆ ಓಡುತ್ತಿದ್ದರೆ ಮೇಲೆ ಬೇರೆ ಗಾಳಿ, ಕೆಳಗೆ ಬೇರೆ ಗಾಳಿ. ಮಳೆ ತರುವ ಮೋಡವನ್ನು ಒಯ್ಯುವುದು ಸಾಮಾನ್ಯವಾಗಿ ಮೇಲಿನ ಗಾಳಿ. ನಿಮ್ಮ ಮುಖಕ್ಕೆ ಬೀಸುವ ಗಾಳಿ ನೋಡಿ "ಮೋಡ ಆ ಕಡೆ ಹೋಯ್ತು" ಅಂತ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ.

ಮರೆಯುವ ಮುಂಚೆ ಒಂದು ಮಾತು, ಸೂರ್ಯನ ಅಕ್ಕಪಕ್ಕದ ಮೋಡ ನೋಡುವಾಗ ಸೂರ್ಯನನ್ನು ಅಂಗೈಯಿಂದಲೋ ಕಂಬದಿಂದಲೋ ಮರೆಮಾಡಿಯೇ ನೋಡಿ.

ಹೆಜ್ಜೆ 3: ಮೂರು ಆಕಾರ, ಮೂರು ಎತ್ತರ

ಮೋಡಗಳಿಗೆ ಇವತ್ತು ನಾವು ಬಳಸುವ ಹೆಸರುಗಳನ್ನು ಕೊಟ್ಟವನು ಹವಾಮಾನ ಇಲಾಖೆಯವನೇನೂ ಅಲ್ಲ. ಲ್ಯೂಕ್ ಹೋವರ್ಡ್ ಅಂತ ಲಂಡನ್ನಿನ ಔಷಧ ತಯಾರಕ. 1802ರಲ್ಲಿ ಗೆಳೆಯರ ಒಂದು ವಿಜ್ಞಾನ ಸಂಘದಲ್ಲಿ ಭಾಷಣ ಮಾಡಿ, ಮೋಡಗಳನ್ನೂ ಗಿಡಮರದ ಹಾಗೆ ಜಾತಿ ಜಾತಿಯಾಗಿ ವಿಂಗಡಿಸಬಹುದು ಅಂದ. ಅವನು ಆರಿಸಿದ್ದು ಲ್ಯಾಟಿನ್ ಪದಗಳು. ಸಿರಸ್ ಅಂದರೆ ಗುಂಗುರು ಕೂದಲು, ಕ್ಯುಮುಲಸ್ ಅಂದರೆ ರಾಶಿ, ಸ್ಟ್ರೇಟಸ್ ಅಂದರೆ ಹಾಸಿದ ಪದರು, ನಿಂಬಸ್ ಅಂದರೆ ಮಳೆಮೋಡ. ನಾವು ಎಳೆ ಮೋಡ, ರಾಶಿ ಮೋಡ, ಪದರು ಮೋಡ ಅಂದರೂ ಸರಿಯೇ. ಈಗಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹತ್ತು ಮುಖ್ಯ ಜಾತಿಗಳಿವೆ, ಹತ್ತೂ ಈ ನಾಲ್ಕು ಪದಗಳನ್ನೇ ಜೋಡಿಸಿ ಮಾಡಿದವು. ಮಧ್ಯದ ಎತ್ತರಕ್ಕೆ ಆಲ್ಟೊ ಅಂತ ಒಂದು ಸೇರಿಸಿದರಾಯಿತು.

ಎತ್ತರ ಹೀಗೆ: ನೆಲದಿಂದ 2 ಕಿ.ಮೀ. ಒಳಗಿನವು ಕೆಳಗಿನ ಮೋಡ. ಅಲ್ಲಿಂದ ಸುಮಾರು 7-8 ಕಿ.ಮೀ. ತನಕ ನಡುವಿನವು. ಅದಕ್ಕೂ ಮೇಲಿನವು ಹಿಮದ ಹರಳಿನ ಮೋಡಗಳು. ಉಷ್ಣವಲಯದಲ್ಲಿ ಅವು 18 ಕಿ.ಮೀ. ತನಕವೂ ಹೋಗಬಹುದು, ಧ್ರುವದ ಕಡೆ ಹೋದಂತೆ ಈ ಲೆಕ್ಕ ಎಲ್ಲ ಕೆಳಗಿಳಿಯುತ್ತದೆ.

ಆದರೆ ನೆಲದ ಮೇಲೆ ನಿಂತವರಿಗೆ ಎತ್ತರ ಹೇಗೆ ಗೊತ್ತಾಗಬೇಕು? ಅದಕ್ಕೆ ಬೆರಳು ಸಾಕು. ಆಕಾಶದಲ್ಲಿ ಸಣ್ಣ ಸಣ್ಣ ಉಂಡೆಗಳ ಹಾಗೆ ಮೋಡ ಹರಡಿದೆ ಅಂದುಕೊಳ್ಳಿ. ಕೈಯನ್ನು ಪೂರ್ತಿ ಚಾಚಿ ಒಂದು ಉಂಡೆಗೆ ಬೆರಳು ಅಡ್ಡ ಹಿಡಿಯಿರಿ. ಕಿರುಬೆರಳಿನ ಹಿಂದೆ ಮುಚ್ಚಿಹೋದರೆ ಅದು ತೀರಾ ಎತ್ತರದ್ದು, ಸಿರೊಕ್ಯುಮುಲಸ್. ಮೂರು ಬೆರಳು ಬೇಕಾದರೆ ನಡುವಿನದು, ಆಲ್ಟೊಕ್ಯುಮುಲಸ್. ಅದಕ್ಕಿಂತ ದೊಡ್ಡದಿದ್ದರೆ ಕೆಳಗಿನದು, ಸ್ಟ್ರೇಟೊಕ್ಯುಮುಲಸ್. ಇದನ್ನು ತಲೆ ಮೇಲೆ ಇರುವ ಮೋಡಕ್ಕೆ ಮಾಡಿ, ದಿಗಂತದ ಹತ್ತಿರದ್ದಕ್ಕೆ ಮಾಡಿದರೆ ದೂರ ಇರುವುದರಿಂದ ಚಿಕ್ಕದಾಗಿ ಕಂಡು ಲೆಕ್ಕ ತಪ್ಪುತ್ತದೆ.

ಹೆಜ್ಜೆ 4: ಮೇಲಿನ ಮೋಡ, ನಾಳೆಯ ಸುದ್ದಿ

ನೀಲಿ ಆಕಾಶದಲ್ಲಿ ಹತ್ತಿ ಹಿಂಜಿದ ಹಾಗೆ ಎಳೆ ಎಳೆಯಾಗಿ ಕಾಣುವುದು ಸಿರಸ್. ಅಲ್ಲೊಂದು ಇಲ್ಲೊಂದು ಎಳೆ ಇದ್ದರೆ ಏನೂ ಅರ್ಥ ಹಚ್ಚಬೇಡಿ. ಎಳೆಗಳು ಒಂದೇ ದಿಕ್ಕಿನಿಂದ ಬಂದು, ಗಂಟೆಗಂಟೆಗೂ ದಟ್ಟವಾಗಿ, ಕೊನೆಗೆ ಆಕಾಶಕ್ಕೆಲ್ಲ ತೆಳು ಹಾಲಿನ ಬಣ್ಣ ಬಂದರೆ ಆಗ ಗಮನ ಕೊಡಿ. ಆ ಹಾಲು ಬಣ್ಣದ ತೆಳು ಪರದೆಯೇ ಸಿರೊಸ್ಟ್ರೇಟಸ್. ಎಷ್ಟೋ ಸಲ ಮೋಡ ಇದೆ ಅಂತಲೇ ಗೊತ್ತಾಗುವುದಿಲ್ಲ, ಸೂರ್ಯ ಅಥವಾ ಚಂದ್ರನ ಸುತ್ತ ಬಳೆ ಕಂಡಾಗಲೇ ಗೊತ್ತಾಗುವುದು. ಕೈ ಚಾಚಿ ಹೆಬ್ಬೆರಳಿನ ತುದಿಯನ್ನು ಸೂರ್ಯನ ಮೇಲಿಟ್ಟು ಗೇಣು ಅಗಲಿಸಿದರೆ ಕಿರುಬೆರಳು ಹೆಚ್ಚುಕಡಿಮೆ ಬಳೆಯ ಮೇಲೇ ಬರುತ್ತದೆ. ಬೆಳಕು ಷಟ್ಕೋನದ ಹಿಮ ಹರಳಿನೊಳಗೆ ಬಾಗುವ ಕೋನವೇ 22 ಡಿಗ್ರಿ, ಹಾಗಾಗಿ ಬಳೆ ಯಾವಾಗಲೂ ಅದೇ ಅಳತೆ.

ಬಳೆ ಬಂದ ಮೇಲೆ ಏನಾಗುತ್ತದೆ ಅನ್ನೋದು ಮುಖ್ಯ. ಪರದೆ ದಪ್ಪವಾಗಿ, ಬಳೆ ಮಾಯವಾಗಿ, ಸೂರ್ಯ ಉಜ್ಜಿದ ಗಾಜಿನ ಹಿಂದಿನ ದೀಪದ ಹಾಗೆ ಮಂಕಾಗಿ ಕಾಣತೊಡಗಿದರೆ ಅದು ಆಲ್ಟೊಸ್ಟ್ರೇಟಸ್. ಪರೀಕ್ಷೆ ಸುಲಭ, ನಿಮ್ಮ ನೆರಳು ನೆಲದ ಮೇಲೆ ಬೀಳುತ್ತದೆಯಾ ನೋಡಿ. ಬಿದ್ದರೆ ಇನ್ನೂ ಸಿರೊಸ್ಟ್ರೇಟಸ್, ಬೀಳದಿದ್ದರೆ ಆಲ್ಟೊಸ್ಟ್ರೇಟಸ್. ಅದೂ ಇನ್ನಷ್ಟು ಕೆಳಗಿಳಿದು, ಸೂರ್ಯ ಎಲ್ಲಿದ್ದಾನೆ ಅಂತಲೇ ತಿಳಿಯದ ಹಾಗೆ ಒಂದೇ ಸಮ ಬೂದು ಬಣ್ಣ ಕವಿದರೆ ನಿಂಬೊಸ್ಟ್ರೇಟಸ್, ಅಂದರೆ ಜಡಿಮಳೆಯ ಮೋಡ. ಗುಡುಗಿಲ್ಲ, ಮಿಂಚಿಲ್ಲ, ಆದರೆ ಗಂಟೆಗಟ್ಟಲೆ ಬಿಡದೆ ಸುರಿಯುತ್ತದೆ.

ಈ ಸಾಲು, ಎಳೆಯಿಂದ ಬಳೆ, ಬಳೆಯಿಂದ ಮಂಕು, ಮಂಕಿನಿಂದ ಮಳೆ, ಸಮಶೀತೋಷ್ಣ ವಲಯದಲ್ಲಿ ಬೆಚ್ಚಗಿನ ಗಾಳಿ ತಣ್ಣಗಿನ ಗಾಳಿಯ ಮೇಲೆ ಹತ್ತಿ ಬರುವಾಗ ಪುಸ್ತಕದಲ್ಲಿ ಬರೆದ ಹಾಗೇ ನಡೆಯುತ್ತದೆ. ಮೊದಲ ಎಳೆ ಕಂಡು ಮಳೆ ಬೀಳುವುದಕ್ಕೆ ಅರ್ಧ ದಿನದಿಂದ ಒಂದು ದಿನ ಹಿಡಿಯಬಹುದು. ಉಷ್ಣವಲಯದಲ್ಲಿ ಇದನ್ನು ಅಷ್ಟು ನೆಚ್ಚಬೇಡಿ. ಅಲ್ಲಿ ಎಷ್ಟೋ ಸಲ ಸಿರಸ್ ಅನ್ನೋದು ದೂರದಲ್ಲೆಲ್ಲೋ ಗುಡುಗಿ ಮುಗಿದ ಮೋಡದ ಉಳಿದ ಚೂರು. ಸಮುದ್ರದಲ್ಲಿ ವಾಯುಭಾರ ಕುಸಿತ ಇದೆ ಅಂತ ಸುದ್ದಿ ಇದ್ದು, ಎಳೆಗಳು ಅದೇ ದಿಕ್ಕಿನಿಂದ ಬೀಸಣಿಗೆ ಬಿಚ್ಚಿದ ಹಾಗೆ ಹರಡಿ ಬರುತ್ತಿದ್ದರೆ ಮಾತ್ರ ಬೇರೆ ವಿಷಯ.

ವಿಮಾನದ ಹಿಂದಿನ ಬಿಳಿ ಗೆರೆಯನ್ನೂ ಬಿಡಬೇಡಿ. ಹುಟ್ಟಿದ ಕೂಡಲೇ ಅಳಿಸಿಹೋದರೆ ಮೇಲಿನ ಗಾಳಿ ಒಣ. ಅರ್ಧ ಗಂಟೆಯಾದರೂ ಉಳಿದು ಅಗಲವಾಗುತ್ತಿದ್ದರೆ ಮೇಲೆ ತೇವ ಇದೆ ಅಂತ.

ಹೆಜ್ಜೆ 5: ನಡುವಿನ ಮೋಡದಲ್ಲಿ ಒಂದನ್ನು ಮಾತ್ರ ಹುಡುಕಿ

ಆಲ್ಟೊಕ್ಯುಮುಲಸ್ ನೋಡಲು ಚೆಂದ, ಕುರಿಮಂದೆಯ ಹಾಗೆ. ಬಹಳಷ್ಟು ಸಲ ಅದರಿಂದ ಏನೂ ಆಗುವುದಿಲ್ಲ. ಆದರೆ ಬೆಳಿಗ್ಗೆ ಏಳೆಂಟು ಗಂಟೆಗೆ ಆ ಸಾಲಿನ ಮೇಲೆ ಕೋಟೆಯ ತೆನೆಗಳ ಹಾಗೆ ಸಣ್ಣ ಸಣ್ಣ ಬುರುಜು ಎದ್ದಿದ್ದರೆ ಮಧ್ಯಾಹ್ನ ಗುಡುಗು ಮಳೆಗೆ ತಯಾರಾಗಿರಿ. ಇದಕ್ಕೆ ಕ್ಯಾಸ್ಟೆಲ್ಲೇನಸ್ ಅನ್ನುತ್ತಾರೆ. ನೆಲ ಇನ್ನೂ ಕಾಯುವ ಮುಂಚೆಯೇ ನಡುವಿನ ಗಾಳಿ ಮೇಲಕ್ಕೆ ಉಕ್ಕಲು ಸಿದ್ಧವಾಗಿದೆ ಅಂತ ಇದರ ಅರ್ಥ. ಹತ್ತು ಗಂಟೆ ಹೊತ್ತಿಗೆ ಈ ಬುರುಜು ಕರಗಿ ಆಕಾಶ ಶುಭ್ರವಾಗುತ್ತದೆ, ಅದನ್ನು ನೋಡಿ ಜನ ನಿಶ್ಚಿಂತೆಯಾಗುತ್ತಾರೆ. ನೀವು ಆಗಬೇಡಿ.

ಬೆಟ್ಟದ ಹತ್ತಿರ ತಟ್ಟೆ ಕವುಚಿದ ಹಾಗೆ, ಗಾಳಿ ಬೀಸುತ್ತಿದ್ದರೂ ನಿಂತಲ್ಲೇ ನಿಂತಿರುವ ಮೋಡ ಕಂಡರೆ ಅದು ಬೆಟ್ಟ ದಾಟುವ ಗಾಳಿಯ ಅಲೆ. ಹಾರುವ ತಟ್ಟೆ ಅಂತ ಫೋಟೊ ಹಂಚುವವರಿಗೆ ಹೇಳಿ.

ಹೆಜ್ಜೆ 6: ಕೆಳಗಿನ ಬೂದು ಮೋಡಕ್ಕೆ ಹೆದರಬೇಡಿ

ಸ್ಟ್ರೇಟಸ್ ಅಂದರೆ ನೆಲ ಬಿಟ್ಟು ಮೇಲಕ್ಕೆದ್ದ ಮಂಜು ಅಷ್ಟೇ. ಬಿದ್ದರೆ ಸೋನೆ. ಸ್ಟ್ರೇಟೊಕ್ಯುಮುಲಸ್ ಗುಡ್ಡೆ ಗುಡ್ಡೆಯಾಗಿ ಕಪ್ಪಗೆ ಕಂಡರೂ ಹೆಚ್ಚಾಗಿ ತೆಳು ಮೋಡ, ಮೇಲಕ್ಕೆ ಬೆಳೆಯದಂತೆ ಅದರ ಮೇಲೆ ಬೆಚ್ಚಗಿನ ಗಾಳಿಯ ಮುಚ್ಚಳ ಕೂತಿರುತ್ತದೆ. ಕಪ್ಪು ಬಣ್ಣ ನೋಡಿ ಮಳೆ ಅಳೆಯುವ ಅಭ್ಯಾಸ ನಮಗೆಲ್ಲ ಇದೆ. ಬಣ್ಣ ಮೋಸದ್ದು. ಒಂದೇ ಮೋಡ ಸೂರ್ಯನ ಎದುರಿಗಿದ್ದಾಗ ಬೆಳ್ಳಗೆ, ಸೂರ್ಯನಿಗೂ ನಿಮಗೂ ನಡುವೆ ಬಂದಾಗ ಕಪ್ಪಗೆ ಕಾಣುತ್ತದೆ.

ಹೆಜ್ಜೆ 7: ರಾಶಿ ಮೋಡ, ಇದನ್ನು ನಿಧಾನವಾಗಿ ಓದಿ

ಬೆಳಿಗ್ಗೆ ಬಿಸಿಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ, ಬಿಸಿ ಗಾಳಿ ಗುಳ್ಳೆಯ ಹಾಗೆ ಮೇಲೇಳುತ್ತದೆ. ಮೇಲೆ ಹೋದಂತೆ ಕಿ.ಮೀ.ಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗಿ, ಒಂದು ಎತ್ತರದಲ್ಲಿ ಆವಿ ಹನಿಯಾಗುತ್ತದೆ. ಅಕ್ಕಪಕ್ಕದ ಗುಳ್ಳೆಗಳೆಲ್ಲ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಹನಿಯಾಗುವುದರಿಂದ ರಾಶಿ ಮೋಡಗಳ ತಳ ಸೌಟಿನಲ್ಲಿ ಸವರಿದ ಹಾಗೆ ಸಪಾಟಾಗಿ, ಎಲ್ಲ ಒಂದೇ ಮಟ್ಟದಲ್ಲಿ ಇರುತ್ತವೆ.

ಆ ಎತ್ತರವನ್ನು ಫೋನಿನಲ್ಲೇ ಲೆಕ್ಕ ಹಾಕಬಹುದು. ಆ್ಯಪಿನಲ್ಲಿ ಉಷ್ಣಾಂಶದ ಜೊತೆ ಇಬ್ಬನಿ ಬಿಂದು ಅಂತ ಒಂದು ಸಂಖ್ಯೆ ಇರುತ್ತದೆ. ಗಾಳಿ ಎಷ್ಟು ತಣ್ಣಗಾದರೆ ಇಬ್ಬನಿ ಕಟ್ಟುತ್ತದೋ ಆ ಉಷ್ಣಾಂಶ. ಎರಡರ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಮೇಲಿದೆ ಅಂತ ಅಂದಾಜು ಸಿಗುತ್ತದೆ. 32 ಡಿಗ್ರಿ ಸೆಕೆ, ಇಬ್ಬನಿ ಬಿಂದು 24 ಇದ್ದರೆ 8 ಸಲ 125, ಅಂದರೆ ಒಂದು ಸಾವಿರ ಮೀಟರ್. ಇಬ್ಬನಿ ಬಿಂದು 12 ಇದ್ದರೆ ತಳ ಎರಡೂವರೆ ಸಾವಿರ ಮೀಟರಿಗೆ ಹೋಗುತ್ತದೆ. ಅಷ್ಟು ಮೇಲಿನಿಂದ ಬಿದ್ದ ಹನಿ ದಾರಿಯಲ್ಲೇ ಆರಿಹೋಗುವುದೇ ಜಾಸ್ತಿ. ಮೋಡದ ಕೆಳಗೆ ಬೂದು ಜಡೆ ಇಳಿಬಿಟ್ಟ ಹಾಗೆ ಕಂಡು ನೆಲ ಮುಟ್ಟದೆ ನಿಲ್ಲುತ್ತದಲ್ಲ, ಅದು ಇದೇ.

ಈಗ ಆಕಾರ. ಎತ್ತರಕ್ಕಿಂತ ಅಗಲ ಜಾಸ್ತಿ ಇರುವ ಪುಟ್ಟ ಹತ್ತಿ ಉಂಡೆಗಳು ಒಳ್ಳೆಯ ಹವಾಮಾನದ ಗುರುತು. ಬಟ್ಟೆ ಒಣಹಾಕಿ. ಎತ್ತರ, ಅಗಲ ಎರಡೂ ಸಮವಾಗಿದ್ದರೆ ಒಂದು ಕಣ್ಣಿಡಿ. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ ಗೋಪುರದ ಹಾಗೆ ನಿಂತರೆ, ಅದೂ ಮಧ್ಯಾಹ್ನಕ್ಕೆ ಮುಂಚೆಯೇ ನಿಂತರೆ, ಬಟ್ಟೆ ಒಳಗೆ ತನ್ನಿ. ನನ್ನ ಫೋಟೊದಲ್ಲಿದ್ದಿದ್ದು ಇದೇ ಮೂರನೆಯದು, ಹನ್ನೊಂದೂವರೆಗೇ.

ಇಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದು ಗೋಪುರವನ್ನು ಆರಿಸಿಕೊಂಡು ಅದರ ತುದಿಯನ್ನಷ್ಟೇ ಐದು ನಿಮಿಷ ಗಮನಿಸಿ. ಹೂಕೋಸಿನ ಗಡ್ಡೆಯ ಹಾಗೆ ಅಂಚು ಕತ್ತರಿಸಿಟ್ಟಷ್ಟು ಸ್ಪಷ್ಟವಾಗಿ, ಹೊಸ ಹೊಸ ಗಂಟುಗಳು ಒಳಗಿಂದ ಉಕ್ಕಿ ಬರುತ್ತಿದ್ದರೆ ಮೋಡ ಬೆಳೆಯುತ್ತಿದೆ, ಅಲ್ಲಿರುವುದು ಇನ್ನೂ ನೀರ ಹನಿ. ಅಂಚು ಹರಿದು ತೂತು ಬಿದ್ದು ಮಾಸುತ್ತಿದ್ದರೆ ಒಣ ಗಾಳಿ ಅದನ್ನು ತಿನ್ನುತ್ತಿದೆ, ಆ ಮೋಡ ಇನ್ನು ಸ್ವಲ್ಪ ಹೊತ್ತಿಗೆ ಇರುವುದಿಲ್ಲ. ಮೂರನೆಯದೊಂದು ಇದೆ, ಅದನ್ನು ಒಮ್ಮೆ ಕಂಡರೆ ಮರೆಯುವುದಿಲ್ಲ. ಸ್ಪಷ್ಟವಾಗಿದ್ದ ತುದಿ ಇದ್ದಕ್ಕಿದ್ದ ಹಾಗೆ ನಯವಾಗಿ, ನಾರು ನಾರಾಗಿ, ರೇಷ್ಮೆಯಂತೆ ಆಗತೊಡಗುತ್ತದೆ. ತುದಿ ಹಿಮವಾಯಿತು ಅಂತ. ಆ ಕ್ಷಣದಿಂದ ಅದರ ಹೆಸರು ಕ್ಯುಮುಲೊನಿಂಬಸ್. ಮಳೆ ಆಗಲೇ ಒಳಗೆ ಶುರುವಾಗಿರುತ್ತದೆ, ಮಿಂಚು ದೂರವಿಲ್ಲ. ಇನ್ನೂ ಬೆಳೆದು, ಮೋಡ ದಾಟಲಾಗದ ತೀರಾ ಎತ್ತರದ ಮುಚ್ಚಳಕ್ಕೆ ತಾಗಿದಾಗ ತಲೆ ಅಗಲವಾಗಿ ಕಮ್ಮಾರನ ಅಡಿಗಲ್ಲಿನ ಆಕಾರ ಬರುತ್ತದೆ. ಆ ಅಡಿಗಲ್ಲಿನ ಚೂಪು ಯಾವ ಕಡೆ ಚಾಚಿದೆಯೋ ಮೇಲಿನ ಗಾಳಿ ಆ ಕಡೆಗೆ. ನಿಮ್ಮ ಕಡೆಗೇ ಚಾಚಿದ್ದರೆ, ಬರುತ್ತಿದೆ ಅಂತಲೇ ಇಟ್ಟುಕೊಳ್ಳಿ.

ಅಂದಹಾಗೆ ತಲೆ ಮೇಲಿನ ಆ ಹಗುರವಾದ ಹತ್ತಿ ಉಂಡೆ ಹಗುರ ಏನಲ್ಲ. ಒಂದು ಘನ ಮೀಟರಿಗೆ ಅರ್ಧ ಗ್ರಾಂ ನೀರು ಅಂತಿಟ್ಟುಕೊಂಡರೂ, ಒಂದು ಘನ ಕಿ.ಮೀ. ಮೋಡದಲ್ಲಿ 500 ಟನ್ ನೀರಿರುತ್ತದೆ!

ಮಳೆ ತಲುಪುವ ಮುಂಚೆ ಗಾಳಿ ತಲುಪುತ್ತದೆ. ಮಳೆಯ ಜೊತೆ ಕೆಳಗೆ ಬಿದ್ದ ತಣ್ಣನೆ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಧಗೆಯಲ್ಲಿ ಒಂದು ಎಲೆಯೂ ಅಲ್ಲಾಡದೆ ನಿಂತಿದ್ದು, ಇದ್ದಕ್ಕಿದ್ದಂತೆ ಮೋಡದ ಕಡೆಯಿಂದ ತಣ್ಣಗೆ ಬೀಸಿ, ಧೂಳೆದ್ದು, ಕಿಟಕಿ ಬಾಗಿಲು ಬಡಿದುಕೊಂಡರೆ ನಿಮಗಿರುವುದು ಹತ್ತು ಹದಿನೈದು ನಿಮಿಷ, ಕೆಲವು ಸಲ ಅಷ್ಟೂ ಇಲ್ಲ. ಅದರ ಜೊತೆ ಬರುವ ಮಣ್ಣಿನ ಘಮ ಆಗಲೇ ಮಳೆ ಬಿದ್ದ ಜಾಗದ್ದು. ಮೋಡದ ಮುಂದೆ ಕಪಾಟಿನ ಹಲಗೆ ಚಾಚಿದ ಹಾಗೆ ಕಪ್ಪು ಪಟ್ಟಿ ಉದ್ದಕ್ಕೆ ಸುರುಳಿಯಾಗಿ ಬರುತ್ತಿದ್ದರೆ ಫೋಟೊ ತೆಗೆಯುತ್ತಾ ನಿಲ್ಲಬೇಡಿ, ಆ ಗಾಳಿ ಮರ ಕೆಡವುವಷ್ಟು ಜೋರಿರಬಹುದು.

ಹೆಜ್ಜೆ 8: ಮಿಂಚು ಕಂಡ ಕೂಡಲೇ ಎಣಿಸಿ

ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿ.ಮೀ.ನಲ್ಲಿ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಅದಕ್ಕೇ ಈ ಲೆಕ್ಕ. ಮೂವತ್ತರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಕಟ್ಟಡದ ಒಳಗೋ ಗಾಜು ಏರಿಸಿದ ಕಾರಿನ ಒಳಗೋ ಹೋಗಿ. ಮರದ ಕೆಳಗೆ ಬೇಡವೇ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಮಳೆ ನಿಂತಿತು ಅಂತ ಹತ್ತು ನಿಮಿಷಕ್ಕೇ ಆಟಕ್ಕೆ ಓಡುವ ಮಕ್ಕಳನ್ನು ಹಿಡಿದು ನಿಲ್ಲಿಸುವುದೇ ಇದರಲ್ಲಿ ಕಷ್ಟದ ಭಾಗ.

ಹೆಜ್ಜೆ 9: ಒತ್ತಡ, ತೇವ, ರೇಡಾರ್

ಮೋಡದ ಮಾತಿಗೆ ಸಾಕ್ಷಿ ಬೇಕಲ್ವಾ? ಹಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಇರುತ್ತದೆ. ಸಮುದ್ರ ಮಟ್ಟದಲ್ಲಿ ಸರಾಸರಿ 1013 ಹೆಕ್ಟೊಪ್ಯಾಸ್ಕಲ್. ಆ ಸಂಖ್ಯೆಗಿಂತ ಅದು ಇಳಿಯುವ ವೇಗ ಮುಖ್ಯ. ಮೂರು ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ಇಳಿದರೆ ಹವಾಮಾನ ಕೆಡುತ್ತಿರಬಹುದು. ಆದರೆ ಎರಡು ಕಡೆ ಎಚ್ಚರ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನೇ ಏರಿಳಿಯುತ್ತದೆ, ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಅದನ್ನು ನೋಡಿ ಗಾಬರಿಯಾಗಿ ನಾನು ಒಂದು ವಾರ ದಿನಾ ಸಂಜೆ ಕೊಡೆ ಹಿಡಿದು ಓಡಾಡಿದ್ದೇನೆ. ಇನ್ನೊಂದು, ಎಂಟು ಮೀಟರ್ ಮೇಲೆ ಹೋದರೆ ಸುಮಾರು ಒಂದು ಹೆಕ್ಟೊಪ್ಯಾಸ್ಕಲ್ ಕಡಿಮೆಯಾಗುತ್ತದೆ. ಮೂರು ಮಹಡಿ ಹತ್ತಿ ಅಳೆದು ಚಂಡಮಾರುತ ಬಂತು ಅನ್ನಬೇಡಿ.

ತೇವಕ್ಕೆ ಶೇಕಡಾ ಆರ್ದ್ರತೆ ನೋಡುವುದು ಬಿಟ್ಟು ಇಬ್ಬನಿ ಬಿಂದು ನೋಡಿ. ಆರ್ದ್ರತೆ ಬೆಳಿಗ್ಗೆ ಶೇ 90 ಇದ್ದು ಮಧ್ಯಾಹ್ನ ಶೇ 50 ಆದರೆ ತೇವ ಹೋಯಿತು ಅಂತಲ್ಲ, ಗಾಳಿ ಬಿಸಿಯಾಯಿತು ಅಷ್ಟೇ. ಇಬ್ಬನಿ ಬಿಂದು 24 ದಾಟಿದರೆ ಮೈ ಅಂಟಂಟು, ಮೋಡಕ್ಕೂ ಸರಕು ಬೇಕಾದಷ್ಟು.

ಉಪಗ್ರಹ ಚಿತ್ರದಲ್ಲಿ ಬೆಳ್ಳಗಿರುವ ಜಾಗವೆಲ್ಲ ಮಳೆ ಅಲ್ಲ. ರಾತ್ರಿಯೂ ಸಿಗುವ ಅವಗೆಂಪು ಚಿತ್ರ ಮೋಡದ ತಲೆಯ ತಂಪನ್ನು ತೋರಿಸುತ್ತದೆ. ಮಳೆಯೇ ಇಲ್ಲದ ಸಿರಸ್ ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ, ಸೋನೆ ಸುರಿಸುವ ಕೆಳಗಿನ ಸ್ಟ್ರೇಟಸ್ ನೆಲದ ಬಣ್ಣಕ್ಕೆ ಬೆರೆತು ಕಾಣುವುದೇ ಇಲ್ಲ. ಮಳೆಗೆ ರೇಡಾರ್ ನೋಡಿ. ಒಂದೇ ಚಿತ್ರ ಸಾಲದು, ಕಳೆದ ಅರ್ಧ ಗಂಟೆಯ ಚಿತ್ರಗಳನ್ನು ಓಡಿಸಿ. ಕೆಂಪು ಚುಕ್ಕೆ ಅರ್ಧ ಗಂಟೆಯಲ್ಲಿ 15 ಕಿ.ಮೀ. ಸರಿದಿದೆ, ನಿಮಗಿನ್ನೂ 30 ಕಿ.ಮೀ. ದೂರ ಇದೆ ಅಂದರೆ ಒಂದು ಗಂಟೆ ಸಮಯ ಇದೆ. ಆದರೆ ಒಂಟಿ ಗುಡುಗು ಮೋಡದ ಆಯಸ್ಸೇ ಹೆಚ್ಚೆಂದರೆ ಒಂದು ಗಂಟೆ. ಅದು ದಾರಿಯಲ್ಲೇ ಸುರಿದು ಮುಗಿಯಬಹುದು, ಅದರ ತಣ್ಣನೆ ಗಾಳಿ ತಳ್ಳಿ ನಿಮ್ಮ ತಲೆ ಮೇಲೇ ಹೊಸದೊಂದು ಹುಟ್ಟಲೂಬಹುದು. ಅದಕ್ಕೇ ರೇಡಾರ್ ನೋಡಿದ ಮೇಲೂ ಒಮ್ಮೆ ಹೊರಗೆ ಬಂದು ಮೋಡದ ತುದಿ ನೋಡಿ ಅನ್ನೋದು.

ಹೆಜ್ಜೆ 10: ಬರೆದಿಡಿ, ಆ್ಯಪ್ ತೆರೆಯುವ ಮುಂಚೆ

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಹೊತ್ತು, ಕಂಡ ಮೋಡ, ಅದು ಓಡುವ ದಿಕ್ಕು, ಮುಂದಿನ ಮೂರು ಗಂಟೆಗೆ ನಿಮ್ಮ ಊಹೆ, ಅಷ್ಟೇ. ಆಮೇಲೆ ಆ್ಯಪ್ ನೋಡಿ. ಮೊದಲು ಆ್ಯಪ್ ನೋಡಿದರೆ ಕಣ್ಣಿಗೆ ಅದು ಹೇಳಿದ್ದೇ ಕಾಣುತ್ತದೆ. ಸಂಜೆ ಏನಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಮಳೆ ಅಳೆಯಬೇಕಾದರೆ ಬಾಯಿ, ತಳ ಒಂದೇ ಅಗಲ ಇರುವ ಡಬ್ಬಿಯನ್ನು ಮರ ಗೋಡೆಗಳಿಂದ ದೂರ ಇಟ್ಟು, ನಿಂತ ನೀರಿಗೆ ಸ್ಕೇಲ್ ಇಳಿಸಿ ಮಿ.ಮೀ. ಓದಿ.

ನನ್ನ ಪುಸ್ತಕದ ಒಂದು ಪುಟ ಹೀಗಿದೆ. "9:00, ಬುರುಜಿನ ಸಾಲು, ನಿಧಾನವಾಗಿ ಓಡುತ್ತಿದೆ. 11:30, ಗೋಪುರ ಎರಡು, ಅಂಚು ಸ್ಪಷ್ಟ. ಊಹೆ: ಮೂರು ಗಂಟೆಗೆ ಗುಡುಗು. 2:00, ಗೋಪುರಗಳ ತಲೆ ಚಪ್ಪಟೆಯಾಗಿ ಅಕ್ಕಪಕ್ಕ ಹರಡಿ ಒಂದಕ್ಕೊಂದು ಕೂಡಿಕೊಂಡಿವೆ. ಸಂಜೆ: ಒಂದು ಹನಿಯೂ ಇಲ್ಲ." ತುದಿ ನಾರಾಗದೆ, ಬರೀ ಹರಡಿ ಚಪ್ಪಟೆಯಾಗಿತ್ತು. ಅಂದರೆ ಹೆಜ್ಜೆ 6ರಲ್ಲಿ ಹೇಳಿದ ಬೆಚ್ಚಗಿನ ಗಾಳಿಯ ಮುಚ್ಚಳ ಒಡೆಯಲಿಲ್ಲ. ಎರಡು ಗಂಟೆಗೆ ಅದನ್ನು ಕಣ್ಣಾರೆ ನೋಡಿ ಬರೆದೂ ಊಹೆ ಬದಲಿಸಲಿಲ್ಲ ನಾನು. ಆ ಪುಟದ ಕೆಳಗೆ ದೊಡ್ಡದಾಗಿ ಬರೆದುಕೊಂಡಿದ್ದೇನೆ, "ಎರಡು ಗಂಟೆಗೆ ಮತ್ತೆ ಊಹಿಸು".